ಈ ಎರಡು ಪದಗಳು ಇಂಗ್ಲಿಷಿನಲ್ಲಿ ಒಟ್ಟಿಗೆ ಬರುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆಯವರ ಇಂಗ್ಲಿಷ್ ಬರಹಗಳನ್ನು ಅಚ್ಚಿಗೆ ಹೋಗುವ ಮುನ್ನ ತಿದ್ದುವುದು ನನ್ನ ಕೆಲಸ. ಮಾತಿನಲ್ಲಿ, ಪತ್ರಗಳಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಕಾಗುಣಿತದ ಪ್ರಶ್ನೆಗಳು ಕಡಿಮೆ. ವಾಕ್ಯ ಬರೆದು ಮುಗಿದಿರುತ್ತದೆ, ಹೇಳಬೇಕಾದುದನ್ನು ಹೇಳಿಯೂ ಆಗಿರುತ್ತದೆ. ಆದರೆ ಅಕ್ಕಪಕ್ಕ ಕುಳಿತ ಎರಡು ಪದಗಳ ಮೇಲೆ ಬರೆದವರಿಗೇ ಅನುಮಾನ. ಹೀಗೆ ಯಾರಾದರೂ ಬರೆಯುತ್ತಾರೆಯೇ, ಇಲ್ಲ ಇದು ನಾನೇ ಕಟ್ಟಿಕೊಂಡದ್ದೇ? ಆ ಅನುಮಾನವನ್ನು ನಾನು ಗೌರವಿಸುತ್ತೇನೆ. ಅದನ್ನು ಪರೀಕ್ಷಿಸಲು ದಾರಿಗಳಿವೆ, ಪ್ರತಿ ದಾರಿಯಲ್ಲೂ ಕಾಲು ಜಾರುವ ಜಾಗಗಳಿವೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು.

## ಮೊದಲ ಅನುಮಾನಗಳು

ವ್ಯಾಕರಣ ಸರಿಯಿದೆ, ಪದಗಳ ಅರ್ಥವೂ ಸರಿಯಿದೆ. ಆದರೂ ತಪ್ಪು ಎನ್ನುತ್ತಾರಲ್ಲ, ಏಕೆ?

'ಸರಿ' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ವ್ಯಾಕರಣ ಇದಕ್ಕೆ ಒಪ್ಪುತ್ತದೆಯೇ? ಇಂಗ್ಲಿಷ್ ಬರೆಯುವವರು ಹೀಗೆ ಬರೆಯುತ್ತಾರೆಯೇ? ಬರೆದರೂ ಈ ಜಾಗಕ್ಕೆ, ಈ ಓದುಗರಿಗೆ ಇದು ಹೊಂದುತ್ತದೆಯೇ? ಮೊದಲನೆಯದಕ್ಕೆ 'ಹೌದು' ಎಂದ ಮಾತ್ರಕ್ಕೆ ಉಳಿದೆರಡಕ್ಕೂ 'ಹೌದು' ಎಂದಾಗುವುದಿಲ್ಲ.

ಜೋರು ಮಳೆಗೆ ಇಂಗ್ಲಿಷಿನಲ್ಲಿ 'ಹೆವಿ ರೇನ್', ಜೋರು ಗಾಳಿಗೆ 'ಸ್ಟ್ರಾಂಗ್ ವಿಂಡ್'. 'ಸ್ಟ್ರಾಂಗ್ ರೇನ್' ಎಂದರೆ ಯಾವ ವ್ಯಾಕರಣ ನಿಯಮವೂ ಮುರಿಯುವುದಿಲ್ಲ, ಅರ್ಥವೂ ತಿಳಿಯುತ್ತದೆ. ಓದುವವರ ಕಣ್ಣು ಮಾತ್ರ ಅಲ್ಲಿ ಎಡವುತ್ತದೆ. ಇದಕ್ಕೆ ತರ್ಕದ ಕಾರಣ ಹುಡುಕಿದರೆ ಸಿಗುವುದಿಲ್ಲ, ರೂಢಿಯೇ ಕಾರಣ. ಪದಗಳ ಈ ಒಡನಾಟಕ್ಕೆ ಕೊಲೊಕೇಶನ್ ಎಂಬ ಹೆಸರಿದೆ. ಪದವೊಂದನ್ನು ಅದರ ಸಹವಾಸದಿಂದಲೇ ತಿಳಿಯಬೇಕು ಎಂಬರ್ಥದ ಮಾತನ್ನು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಬರೆದದ್ದು 1957ರಲ್ಲಿ. ಅದೇ ವರ್ಷ ಅಮೆರಿಕದ ನೋಮ್ ಚಾಮ್‌ಸ್ಕಿ 'ಕಲರ್‌ಲೆಸ್ ಗ್ರೀನ್ ಐಡಿಯಾಸ್ ಸ್ಲೀಪ್ ಫ್ಯೂರಿಯಸ್ಲಿ' ಎಂಬ ವಾಕ್ಯವನ್ನು ಮುಂದಿಟ್ಟರು. ಬಣ್ಣವಿಲ್ಲದ ಹಸಿರು ವಿಚಾರಗಳು ಉಗ್ರವಾಗಿ ನಿದ್ರಿಸುತ್ತವೆ ಎಂಬ ಆ ವಾಕ್ಯ ವ್ಯಾಕರಣದ ಪ್ರಕಾರ ನಿರ್ದೋಷಿ, ಅರ್ಥದ ಪ್ರಕಾರ ಶೂನ್ಯ. ವ್ಯಾಕರಣ ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮ ಭಾಷೆಯಲ್ಲಿ ಸಲೀಸಾಗಿ ಬರುವ ಜೋಡಿ ಇಂಗ್ಲಿಷಿಗೆ ಹೋದರೆ ಏಕೆ ಕೆಡುತ್ತದೆ?

ಪ್ರತಿ ಭಾಷೆಯೂ ತನ್ನ ನಾಮಪದಗಳಿಗೆ ತನ್ನದೇ ಕ್ರಿಯಾಪದಗಳನ್ನು ಕಟ್ಟಿಕೊಟ್ಟಿರುತ್ತದೆ. ಕನ್ನಡದಲ್ಲಿ ಕನಸು ಬೀಳುತ್ತದೆ, ಅಥವಾ ನಾವು ಕನಸು ಕಾಣುತ್ತೇವೆ. ಇಂಗ್ಲಿಷಿನಲ್ಲಿ ಕನಸು ಬೀಳುವುದೂ ಇಲ್ಲ, 'ಸಾ ಎ ಡ್ರೀಮ್' ಎಂದು ಅದನ್ನು ಕಾಣುವುದೂ ಇಲ್ಲ. 'ಹ್ಯಾಡ್ ಎ ಡ್ರೀಮ್' ಎಂದು ಹೊಂದಿರುತ್ತಾರೆ. ತಲೆನೋವು ನಮಗೆ ಬರುತ್ತದೆ, ಅವರ ಬಳಿ ಇರುತ್ತದೆ. ಅನುವಾದದಲ್ಲಿ ನಾಮಪದ ಸರಿಯಾಗಿ ದಾಟುತ್ತದೆ, ಕ್ರಿಯಾಪದ ಹಳೆಯ ದಡದಲ್ಲೇ ಉಳಿದಿರುತ್ತದೆ. ಆದ್ದರಿಂದ ಅನುಮಾನ ಬಂದಾಗ ಮೊದಲು ಕ್ರಿಯಾಪದದ ಮೇಲೆ ಕಣ್ಣಿಡಿ. ನಾನು ತಿದ್ದುವ ಪುಟಗಳಲ್ಲಿ ತಪ್ಪಿನ ಮೂಲ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ನಿಘಂಟಿನಲ್ಲಿ ಆ ಜೋಡಿ ಇಲ್ಲ. ಹಾಗಾದರೆ ತಪ್ಪೆಂದು ಬಿಟ್ಟುಬಿಡಲೇ?

ಬಿಡಬೇಡಿ. ಬಿಡಿಪದಗಳಿಂದ ಊಹಿಸಲಾಗದ ಅರ್ಥ ಬಂದಾಗ ಮಾತ್ರ ಸಾಮಾನ್ಯ ನಿಘಂಟು ಒಂದು ಜೋಡಿಗೆ ಪ್ರತ್ಯೇಕ ನಮೂದು ಕೊಡುತ್ತದೆ. 'ರೆಡ್ ಹೆರಿಂಗ್' ಅಲ್ಲಿರುತ್ತದೆ. ಏಕೆಂದರೆ ಅದು ಕೆಂಪು ಮೀನಿನ ಮಾತಾಗಿರದೆ ದಾರಿ ತಪ್ಪಿಸುವ ಸುಳಿವಿನ ಮಾತಾಗಿದೆ. 'ರೆಡ್ ಗೇಟ್' ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ನಿಮಗೆ ಬೇಕಾದದ್ದು ಬೇರೆ ಬಗೆಯ ನಿಘಂಟು. ಪದಗಳ ಒಡನಾಟವನ್ನೇ ಪಟ್ಟಿ ಮಾಡುವ ಕೋಶಗಳಿವೆ. 1986ರ ಬಿಬಿಐ ಕೋಶ ಆ ಜಾತಿಯ ಮೊದಲಿನವುಗಳಲ್ಲಿ ಒಂದು. 2002ರಲ್ಲಿ ಮೊದಲು ಬಂದ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ನಿಘಂಟನ್ನು ಇಂದಿಗೂ ನನ್ನ ಮೇಜಿನಿಂದ ಕೆಳಗಿಳಿಸಿಲ್ಲ. ಇವುಗಳಲ್ಲಿ ಹುಡುಕುವಾಗ ಒಂದು ಗುಟ್ಟು ತಿಳಿದಿರಬೇಕು: ನಾಮಪದದ ಕೆಳಗೆ ನೋಡಿ. 'ಡಿಸಿಷನ್' ಎಂಬಲ್ಲಿ ಅದಕ್ಕೆ ಹೊಂದುವ ಗುಣವಾಚಕಗಳೂ ಕ್ರಿಯಾಪದಗಳೂ ಸಾಲಾಗಿ ಸಿಗುತ್ತವೆ. ನೀವು ಅನುಮಾನಿಸಿದ ಜೋಡಿ ಅಲ್ಲಿಲ್ಲದಿದ್ದರೂ ಅದಕ್ಕಿಂತ ಚೆನ್ನಾದ ಇನ್ನೊಂದು ಕಣ್ಣಿಗೆ ಬೀಳುವುದುಂಟು.

ಪುಟ ಈಗಲೇ ಕಳುಹಿಸಬೇಕು. ಎರಡೇ ನಿಮಿಷ ಇದೆ, ಏನು ಮಾಡಲಿ?

ಜೋಡಿಯಲ್ಲಿ ಒಂದು ಪದವನ್ನು ತೆಗೆದು ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಇಡೀ ತುಣುಕನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಬೇರೆಯವರು ಆ ಖಾಲಿ ಜಾಗವನ್ನು ಯಾವ ಪದದಿಂದ ತುಂಬಿದ್ದಾರೆಂದು ಕಾಣುತ್ತದೆ. ನಿಮ್ಮ ಪದ ಅಲ್ಲಿದ್ದರೆ ಸರಿ. ಇಲ್ಲದಿದ್ದರೆ ಅಲ್ಲಿ ಹೆಚ್ಚಾಗಿ ಕಂಡದ್ದನ್ನೇ ಬರೆದು ಕಳುಹಿಸಿ, ಕಲಿಯುವುದನ್ನು ನಾಳೆಗೆ ಇಟ್ಟುಕೊಳ್ಳಿ.

## ಹುಡುಕಿ ನೋಡುವುದು

ಗೂಗಲ್‌ನಲ್ಲಿ ಲಕ್ಷಗಟ್ಟಲೆ ಫಲಿತಾಂಶ ತೋರಿಸಿತು. ಅಷ್ಟು ಸಾಕ್ಷಿ ಸಾಲದೇ?

ಸಾಲದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ.

ಉದ್ಧರಣ ಚಿಹ್ನೆ ಹಾಕದೆ ಹುಡುಕಿದರೆ ಆ ಎರಡು ಪದಗಳು ಪುಟದಲ್ಲಿ ಎಲ್ಲೆಲ್ಲೋ ಇದ್ದರೂ ಲೆಕ್ಕಕ್ಕೆ ಬರುತ್ತವೆ. ಚಿಹ್ನೆ ಹಾಕಿದ ಮೇಲೂ ತೋರಿಸುವ ಸಂಖ್ಯೆ ಎಣಿಕೆಯಲ್ಲ, ಅಂದಾಜು. ಕೊನೆಯ ಪುಟದವರೆಗೆ ಹೋಗಿ ನೋಡಿ: ಲಕ್ಷ ಎಂದದ್ದು ಕೆಲವು ನೂರಕ್ಕೆ, ಕೆಲವೊಮ್ಮೆ ಕೆಲವು ಹತ್ತಕ್ಕೆ ಇಳಿದಿರುತ್ತದೆ. ಇನ್ನು, ಹುಡುಕುಯಂತ್ರ ವಿರಾಮಚಿಹ್ನೆಗಳನ್ನು ಬಹುತೇಕ ಕಡೆಗಣಿಸುತ್ತದೆ. ಒಂದು ವಾಕ್ಯದ ಕೊನೆಯ ಪದ ಮತ್ತು ಮುಂದಿನ ವಾಕ್ಯದ ಮೊದಲ ಪದ ಸೇರಿ ನಿಮ್ಮ ಜೋಡಿಯಂತೆ ಕಾಣಿಸಿಕೊಳ್ಳಬಹುದು.

ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ. 'ಮೇಕ್ ಹೋಮ್‌ವರ್ಕ್' ಎಂದು ಹುಡುಕಿ. ಧಾರಾಳವಾಗಿ ಸಿಗುತ್ತದೆ. ಹಾಗಾದರೆ 'ಡೂ ಹೋಮ್‌ವರ್ಕ್' ಎಂಬುದರ ಜೊತೆಗೆ ಇದೂ ಸರಿಯೇ? ಸಿಕ್ಕ ವಾಕ್ಯಗಳನ್ನು ಪೂರ್ತಿ ಓದಿ. 'ಮೇಕ್ ಹೋಮ್‌ವರ್ಕ್ ಈಸಿಯರ್', 'ಮೇಕ್ ಹೋಮ್‌ವರ್ಕ್ ಫನ್' ಎಂಬಂಥವೇ ತುಂಬಿರುತ್ತವೆ. ಹೋಮ್‌ವರ್ಕ್ ಅನ್ನು ಸುಲಭಗೊಳಿಸುವುದು, ಖುಷಿಯದ್ದಾಗಿಸುವುದು ಅಲ್ಲಿನ ಅರ್ಥ. ನೀವು ಹುಡುಕಿದ ಜೋಡಿ ಅಕ್ಷರದಲ್ಲಿದೆ, ವಾಕ್ಯರಚನೆಯಲ್ಲಿಲ್ಲ. ಆದ್ದರಿಂದ ಸಂಖ್ಯೆಯನ್ನು ಬದಿಗಿಟ್ಟು ಹತ್ತು ವಾಕ್ಯಗಳನ್ನಾದರೂ ಕಣ್ಣಾರೆ ಓದಿ ಎಂದು ನಾನು ಎಲ್ಲರಲ್ಲೂ ಬೇಡಿಕೊಳ್ಳುತ್ತೇನೆ.

ಬರೆದವರು ಯಾರೆಂಬುದೂ ಮುಖ್ಯ. ಇಂಗ್ಲಿಷ್ ಕಲಿಯುತ್ತಿರುವವರ ಬರಹಗಳು, ಯಂತ್ರಾನುವಾದದ ಸರಕು ಪಟ್ಟಿಗಳು, ಒಂದೇ ಲೇಖನದ ನೂರಾರು ನಕಲುಗಳು, ಎಲ್ಲವೂ ಜಾಲದಲ್ಲಿ ಬೆರೆತಿವೆ. ಹುಡುಕಾಟವನ್ನು ಸುದ್ದಿಪತ್ರಿಕೆಯ ತಾಣಕ್ಕೋ ವಿಶ್ವವಿದ್ಯಾಲಯಗಳ ತಾಣಗಳಿಗೋ ಸೀಮಿತಗೊಳಿಸಿದಾಗ ಸಂಖ್ಯೆ ಕುಸಿದುಬಿದ್ದರೆ ಅದೇ ನಿಮಗೆ ಉತ್ತರ.

ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ಗ್ರಾಫ್ ಇದೆಯಲ್ಲ, ಅದನ್ನು ಎಷ್ಟು ನಂಬಬಹುದು?

ಒಂದು ತುಣುಕು ಮುದ್ರಿತ ಪುಸ್ತಕಗಳಲ್ಲಿ ಯಾವ ವರ್ಷ ಎಷ್ಟು ಬಳಕೆಯಾಗಿದೆ ಎಂದು ಗೆರೆ ಎಳೆದು ತೋರಿಸುವ ಸಾಧನ ಅದು. ಎರಡು ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಅದರಷ್ಟು ಬೇಗ ಕೆಲಸ ಮಾಡುವ ಸಾಧನ ಇನ್ನೊಂದಿಲ್ಲ. 2010ರಿಂದ ಇದೆ, ಉಚಿತ, ಒಮ್ಮೆಗೆ ಐದು ಪದಗಳಷ್ಟು ಉದ್ದದ ತುಣುಕನ್ನು ಹುಡುಕಬಹುದು. ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳನ್ನು ಬೇರೆ ಬೇರೆಯಾಗಿಯೂ ನೋಡಬಹುದು. ಮುದ್ರಿತ ಪುಸ್ತಕಗಳಾದ್ದರಿಂದ ಬಹುಪಾಲು ಸಂಪಾದಕರ ಕೈದಾಟಿ ಬಂದ ಬರಹ ಎಂಬ ಭರವಸೆಯೂ ಇದೆ.

ಆದರೆ ಕನಿಷ್ಠ 40 ಪುಸ್ತಕಗಳಲ್ಲಿ ಬಾರದ ತುಣುಕನ್ನು ಅದು ತೋರಿಸುವುದೇ ಇಲ್ಲ. ಗ್ರಾಫ್ ಖಾಲಿ ಬಂತೆಂದರೆ 'ಯಾರೂ ಬರೆದಿಲ್ಲ' ಎಂದರ್ಥವಲ್ಲ; 39 ಪುಸ್ತಕಗಳಲ್ಲಿ ಇದ್ದರೂ ಇರಬಹುದು. ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ತಾನಾಗಿಯೇ ಬೇರೆ ಎಂದು ಎಣಿಸುತ್ತದೆ. ಹಳೆಯ ಪುಸ್ತಕಗಳಲ್ಲಿ 'ಎಸ್' ಅಕ್ಷರದ ಉದ್ದನೆಯ ರೂಪವನ್ನು ಯಂತ್ರ 'ಎಫ್' ಎಂದು ಓದಿದ ತಪ್ಪುಗಳೂ ಉಳಿದಿವೆ. ಹದಿನೆಂಟನೆಯ ಶತಮಾನದ ಗೆರೆಯೊಂದು ವಿಚಿತ್ರವಾಗಿ ಏರಿಳಿದರೆ ಅದನ್ನು ಭಾಷೆಯ ಇತಿಹಾಸವೆಂದು ತೀರ್ಮಾನಿಸುವ ಮುನ್ನ ಇದನ್ನು ನೆನಪಿಡಿ.

ಕಾರ್ಪಸ್ ನೋಡಿ ಎನ್ನುತ್ತಾರೆ. ಅದೇನು? ಯಾವುದನ್ನು ನೋಡಲಿ?

ಪತ್ರಿಕೆ, ಕಾದಂಬರಿ, ಸಂಶೋಧನಾ ಲೇಖನ, ಮಾತುಕತೆಯ ಲಿಪ್ಯಂತರ ಇವನ್ನೆಲ್ಲ ತೂಕ ನೋಡಿ ಸೇರಿಸಿ, ಪ್ರತಿ ಪದಕ್ಕೂ ವ್ಯಾಕರಣದ ಗುರುತು ಹಚ್ಚಿ, ಹುಡುಕಲು ಅನುವು ಮಾಡಿದ ಪಠ್ಯಭಂಡಾರವೇ ಕಾರ್ಪಸ್. ಜಾಲದ ಹುಡುಕಾಟಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ಇಲ್ಲಿನ ಸಂಖ್ಯೆ ನಿಜವಾದ ಎಣಿಕೆ, ಮತ್ತು ಆ ಎಣಿಕೆ ಯಾವ ಬಗೆಯ ಬರಹದಿಂದ ಬಂತೆಂದು ತಿಳಿಯುತ್ತದೆ.

ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ, ಅದರ ಶೇಕಡ 90ರಷ್ಟು ಬರಹ, ಉಳಿದದ್ದು ಮಾತು. ಅದು ಪೂರ್ತಿಯಾದದ್ದು 1994ರಲ್ಲಿ. ಆದ್ದರಿಂದ ಮೊಬೈಲ್, ಇಂಟರ್‌ನೆಟ್ ಕಾಲದ ಪದಜೋಡಿಗಳನ್ನು ಅಲ್ಲಿ ಹುಡುಕಿ ಸಿಗಲಿಲ್ಲವೆಂದು ಕೊರಗಬಾರದು. ಸಮಕಾಲೀನ ಅಮೆರಿಕನ್ ಇಂಗ್ಲಿಷಿನ ಕೋಕಾ ಎಂಬ ಕಾರ್ಪಸ್‌ನಲ್ಲಿ 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದಗಳಿವೆ, ಎಂಟು ಪ್ರಕಾರಗಳಾಗಿ ವಿಂಗಡಿಸಲಾಗಿದೆ. ಒಂದು ಜೋಡಿ ಕಾದಂಬರಿಯಲ್ಲಿ ನೂರು ಬಾರಿ ಬಂದು ಸಂಶೋಧನಾ ಲೇಖನಗಳಲ್ಲಿ ಒಮ್ಮೆಯೂ ಬಾರದಿದ್ದರೆ, ಪ್ರಬಂಧ ಬರೆಯುತ್ತಿರುವವರಿಗೆ ಅದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕಿಲ್ಲ. ಇವೆರಡನ್ನೂ ಉಚಿತವಾಗಿ ಹುಡುಕಬಹುದು. ಇದೆಲ್ಲ ತಲೆನೋವು ಎನ್ನುವವರಿಗೆ ಸ್ಕೆಲ್ ಎಂಬ ಸರಳ ತಾಣವಿದೆ. ಒಂದು ಪದ ಕೊಟ್ಟರೆ ಅದರ ಒಡನಾಡಿಗಳನ್ನು ಕರ್ತೃ, ಕರ್ಮ, ಗುಣವಾಚಕ ಎಂದು ವಿಂಗಡಿಸಿ ಕೊಡುತ್ತದೆ.

ನನ್ನ ಜೋಡಿ ಇಡೀ ಕಾರ್ಪಸ್‌ನಲ್ಲಿ ಏಳೇ ಬಾರಿ ಸಿಕ್ಕಿತು. ಏಳು ಕಡಿಮೆಯೋ ಸಾಕೋ?

ಒಂಟಿ ಸಂಖ್ಯೆಗೆ ಅರ್ಥವಿಲ್ಲ, ಹೋಲಿಕೆಯಲ್ಲಿ ಮಾತ್ರ ಅರ್ಥವಿದೆ. ಜೋಡಿಯ ಎರಡೂ ಪದಗಳು ಅಪರೂಪದವಾಗಿದ್ದರೆ ಏಳು ಬಹಳ ದೊಡ್ಡದು. ಎರಡೂ ದಿನಬಳಕೆಯ ಪದಗಳಾಗಿದ್ದು, ಅದೇ ಅರ್ಥದ ಇನ್ನೊಂದು ಜೋಡಿ ಏಳು ಸಾವಿರ ಬಾರಿ ಬಂದಿದ್ದರೆ ನಿಮ್ಮದು ಜಾರಿಬಿದ್ದ ಜೋಡಿ ಎನ್ನಬೇಕಾಗುತ್ತದೆ.

ಎಣಿಸುವ ಮುನ್ನ ರೂಪಗಳನ್ನೆಲ್ಲ ಸೇರಿಸಿದಿರಾ ನೋಡಿ: ಏಕವಚನ, ಬಹುವಚನ, ಭೂತಕಾಲ, ನಡುವೆ 'ಎ' ಅಥವಾ 'ದ' ಬಂದದ್ದು. 'ಪೇ ಅಟೆನ್ಷನ್' ಮಾತ್ರ ಹುಡುಕಿದರೆ 'ಪೇಯಿಂಗ್ ಕ್ಲೋಸ್ ಅಟೆನ್ಷನ್' ತಪ್ಪಿಹೋಗುತ್ತದೆ.

ಇನ್ನೊಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಯಾವ ದೊಡ್ಡ ಕಾರ್ಪಸ್ ತೆಗೆದುಕೊಂಡರೂ ಅದರಲ್ಲಿರುವ ಬೇರೆ ಬೇರೆ ಪದಗಳಲ್ಲಿ ಸುಮಾರು ಅರ್ಧದಷ್ಟು ಒಮ್ಮೆ ಮಾತ್ರ ಬಂದಿರುತ್ತವೆ. ಬಿಡಿಪದಗಳ ಗತಿಯೇ ಹೀಗಿರುವಾಗ ಜೋಡಿಗಳ ಮಾತೇನು? ನಿರ್ದೋಷವಾದ ಅಸಂಖ್ಯ ಜೋಡಿಗಳು ಯಾವ ಭಂಡಾರದಲ್ಲೂ ದಾಖಲಾಗದೆ ಇರುತ್ತವೆ. 'ಸಿಕ್ಕಿಲ್ಲ' ಎಂಬುದು ತಪ್ಪಿನ ಸಾಕ್ಷಿಯಾಗುವುದು, ಆ ಜಾಗದಲ್ಲಿ ಬೇರೆ ಪದ ಗಟ್ಟಿಯಾಗಿ ಕುಳಿತಿದ್ದಾಗ ಮಾತ್ರ.

ಎಂಐ ಸ್ಕೋರ್ ಎಂದು ಪಕ್ಕದಲ್ಲಿ ಒಂದು ಅಂಕಿ ತೋರಿಸುತ್ತದೆ. ಅದನ್ನು ಹೇಗೆ ಓದಬೇಕು?

ಎರಡು ಪದಗಳು ಆಕಸ್ಮಿಕವಾಗಿ ಪಕ್ಕಪಕ್ಕ ಬರಬಹುದಾದುದಕ್ಕಿಂತ ಎಷ್ಟು ಹೆಚ್ಚು ಬಂದಿವೆ ಎಂಬುದರ ಅಳತೆ ಅದು. ಪರಸ್ಪರ ಮಾಹಿತಿ (ಮ್ಯೂಚುವಲ್ ಇನ್ಫರ್ಮೇಷನ್, ಅದೇ ಎಂಐ) ಎಂಬ ಗಣಿತದ ಕಲ್ಪನೆಯಿಂದ ಹುಟ್ಟಿದ್ದು. 3ಕ್ಕಿಂತ ಹೆಚ್ಚಿದ್ದರೆ ನಿಜವಾದ ಒಡನಾಟ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ಅಪರೂಪದ ಪದಗಳಿಗೆ ಅದು ಅತಿಯಾಗಿ ಅಂಕ ಕೊಡುತ್ತದೆ. ಇಡೀ ಕಾರ್ಪಸ್‌ನಲ್ಲಿ ಒಮ್ಮೊಮ್ಮೆ ಮಾತ್ರ ಬಂದ ಎರಡು ಪದಗಳು ಅದೇ ಒಂದು ಜಾಗದಲ್ಲಿ ಸೇರಿದ್ದರೆ ಎಂಐ ಆಕಾಶಕ್ಕೇರುತ್ತದೆ. ಅದು ಮುದ್ರಣದೋಷವೂ ಆಗಿರಬಹುದು. ಎಣಿಕೆಯನ್ನೂ ಎಂಐಯನ್ನೂ ಒಟ್ಟಿಗೆ ನೋಡಿ.

## ಪದೇ ಪದೇ ಎಡವುವ ಜಾಗಗಳು

'ವೆರಿ' ಬೇಡ ಎಂದರು, 'ಹೈಲಿ' ಹಾಕಿದೆ. ಈಗ ಅದೂ ತಪ್ಪಂತೆ!

'ವೆರಿ' ಎಂಬ ಬಡಪಾಯಿಯನ್ನು ಕಂಡರೆ ಸಾಕು ಹೊಡೆದುಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲರೊಡನೆಯೂ ಹೊಂದಿಕೊಳ್ಳುವ ಪದ. ಅದರ ಜಾಗಕ್ಕೆ ಬರುವವು ಹಾಗಲ್ಲ, ಪ್ರತಿಯೊಂದಕ್ಕೂ ತನ್ನದೇ ಬಳಗವಿದೆ. 'ಹೈಲಿ' ಎಂಬುದು 'ಅನ್‌ಲೈಕ್ಲಿ', 'ಸ್ಕಿಲ್ಡ್', 'ರೆಕಮೆಂಡೆಡ್', 'ಕಾಂಪಿಟಿಟಿವ್' ಜೊತೆ ಇರುತ್ತದೆ. 'ಹೈಲಿ ಟಯರ್ಡ್' ಎಂದರೆ ಕೇಳಲಾಗದು. ಭಾವನೆಗಳಿಗೆ 'ಡೀಪ್ಲಿ': 'ಡೀಪ್ಲಿ ಗ್ರೇಟ್‌ಫುಲ್', 'ಡೀಪ್ಲಿ ಹರ್ಟ್'. ಚಳಿಗೂ ನಿರಾಶೆಗೂ 'ಬಿಟರ್ಲಿ'. ವಿರೋಧಕ್ಕೆ 'ಸ್ಟ್ರಾಂಗ್ಲಿ', ಅರಿವಿಗೆ 'ಫುಲ್ಲಿ'. ಯಾವುದು ಯಾರ ಬಳಗವೆಂದು ಖಚಿತವಿಲ್ಲದಿದ್ದರೆ 'ವೆರಿ' ಇರಲಿ ಬಿಡಿ.

'ಡಿಸ್ಕಸ್ ಅಬೌಟ್' ತಪ್ಪಾದರೆ 'ಡಿಸ್ಕಷನ್ ಅಬೌಟ್' ಹೇಗೆ ಸರಿ?

ಒಳ್ಳೆಯ ಪ್ರಶ್ನೆ, ತಪ್ಪಿನ ಬೇರೇ ಇಲ್ಲಿದೆ. ನಾಮಪದಕ್ಕೆ ಬೇಕಾದ ಪ್ರಿಪೊಸಿಷನ್ ಅದೇ ಕುಟುಂಬದ ಕ್ರಿಯಾಪದಕ್ಕೆ ಬೇಡವಾಗಿರುತ್ತದೆ. 'ಡಿಸ್ಕಷನ್ ಅಬೌಟ್ ದ ಪ್ಲಾನ್' ಸರಿ. ಕ್ರಿಯಾಪದವಾದರೆ 'ಡಿಸ್ಕಸ್ ದ ಪ್ಲಾನ್' ಎಂದು ನೇರವಾಗಿ ಕರ್ಮಕ್ಕೆ ಹೋಗುತ್ತದೆ. 'ಎಂಫಸಿಸ್ ಆನ್' ಸರಿ, 'ಎಂಫಸೈಜ್ ಆನ್' ತಪ್ಪು. 'ಎ ರಿಕ್ವೆಸ್ಟ್ ಫಾರ್ ಹೆಲ್ಪ್' ಸರಿ, 'ಐ ರಿಕ್ವೆಸ್ಟ್ ಫಾರ್ ಹೆಲ್ಪ್' ಅಚ್ಚಿಗೆ ಹೋಗಬಾರದು. ಅರ್ಥದ ನೆಂಟಸ್ತಿಕೆಯಿಂದಲೂ ಗೊಂದಲ ಹುಟ್ಟುತ್ತದೆ: 'ಕನ್ಸಿಸ್ಟ್ಸ್ ಆಫ್' ಎಂಬುದನ್ನು ನೋಡಿ 'ಕಂಪ್ರೈಸಸ್ ಆಫ್' ಎಂದು ಬರೆಯುತ್ತಾರೆ.

ಹುಡುಕಿ ಪರೀಕ್ಷಿಸುವಾಗ ಮಾತ್ರ ಜಾಗ್ರತೆ. 'ಅಬೌಟ್' ಎಂದರೆ 'ಸುಮಾರು' ಎಂಬ ಅರ್ಥವೂ ಇದೆಯಷ್ಟೇ; 'ಡಿಸ್ಕಸ್ ಅಬೌಟ್ ಟ್ವೆಂಟಿ ಕೇಸಸ್' ಎಂಬ ವಾಕ್ಯ ಸುಮಾರು ಇಪ್ಪತ್ತು ಪ್ರಕರಣಗಳನ್ನು ಚರ್ಚಿಸುವ ಮಾತು, ಪೂರ್ತಿ ಸರಿಯಾದ ವಾಕ್ಯ. ಇಂಥವನ್ನು ತೋರಿಸಿ ನನ್ನೊಡನೆ ವಾದಿಸಿದವರಿದ್ದಾರೆ.

'ಇನ್ಫರ್ಮೇಷನ್ಸ್', 'ಎಕ್ವಿಪ್‌ಮೆಂಟ್ಸ್' ಎಂದೂ ಬರೆಯಬಾರದೇ?

ಸಾಮಾನ್ಯ ಬರಹದಲ್ಲಿ ಬೇಡ. 'ಅಡ್ವೈಸ್', 'ಫರ್ನಿಚರ್', 'ಎವಿಡೆನ್ಸ್' ಕೂಡ ಇದೇ ಗುಂಪು. ಎಣಿಸಲೇಬೇಕಾದರೆ 'ಎ ಪೀಸ್ ಆಫ್' ಸೇರಿಸಿ. ಆದರೆ ಶಾಸ್ತ್ರಗಳು ತಮಗೆ ಬೇಕಾದಾಗ ಬಹುವಚನ ಮಾಡಿಕೊಳ್ಳುತ್ತವೆ: ಲೋಹಶಾಸ್ತ್ರದವರಿಗೆ 'ಸ್ಟೀಲ್ಸ್' ಎಂದರೆ ಉಕ್ಕಿನ ಬಗೆಗಳು, ಮನಶ್ಶಾಸ್ತ್ರದವರಿಗೆ 'ಬಿಹೇವಿಯರ್ಸ್' ಸಹಜ.

ನಾಮಪದಗಳನ್ನು ಸಾಲಾಗಿ ಎಷ್ಟು ಪೋಣಿಸಬಹುದು? ಹೈಫನ್ ಎಲ್ಲಿ?

ವ್ಯಾಕರಣ ಮಿತಿ ಹಾಕಿಲ್ಲ, ಓದುಗರ ಉಸಿರು ಹಾಕಿದೆ. ಮೂರು ದಾಟಿದರೆ ಒಡೆದು ಬರೆಯಿರಿ. ನಿಜವಾದ ಅಪಾಯ ಯಾವುದು ಯಾವುದಕ್ಕೆ ಅಂಟಿದೆ ಎಂಬಲ್ಲಿದೆ. 'ಓಲ್ಡ್ ಬುಕ್ ಸೆಲ್ಲರ್' ಎಂದರೆ ಮುದುಕನೇ, ಹಳೆಯ ಪುಸ್ತಕ ಮಾರುವವನೇ? 'ಓಲ್ಡ್' ಮತ್ತು 'ಬುಕ್' ನಡುವೆ ಹೈಫನ್ ಬಂದರೆ ಹಳೆಯದು ಪುಸ್ತಕ. 'ಲಿಟಲ್ ಯೂಸ್ಡ್ ಕಾರ್' ಕೂಡ ಹಾಗೆಯೇ: ಹೈಫನ್ ಇದ್ದರೆ ಕಡಿಮೆ ಓಡಿದ ಕಾರು, ಇಲ್ಲದಿದ್ದರೆ ಬಳಸಿದ ಪುಟ್ಟ ಕಾರು. ಎಲ್‌ವೈ ಅಕ್ಷರಗಳಿಂದ ಮುಗಿಯುವ ಕ್ರಿಯಾವಿಶೇಷಣದ ನಂತರ ಹೈಫನ್ ಬೇಡ, 'ಹೈಲಿ ರಿಗಾರ್ಡೆಡ್ ಟೀಚರ್' ಹಾಗೆಯೇ ಸ್ಪಷ್ಟವಾಗಿದೆ.

ಜೋಡಿಯಲ್ಲಿ ಮೊದಲು ಬರುವ ನಾಮಪದ ಸಾಮಾನ್ಯವಾಗಿ ಏಕವಚನದಲ್ಲಿರುತ್ತದೆ. ಎಷ್ಟೇ ಶೂಗಳಿದ್ದರೂ 'ಶೂ ಶಾಪ್', ಐದು ವರ್ಷವಾದರೂ 'ಫೈವ್ ಇಯರ್ ಪ್ಲಾನ್'. 'ಸ್ಪೋರ್ಟ್ಸ್ ಕಾರ್', 'ಸೇವಿಂಗ್ಸ್ ಅಕೌಂಟ್' ರೂಢಿಯಾದ ಅಪವಾದಗಳು.

ಒಬ್ಬರು ಸರಿ ಎಂದರು, ಇನ್ನೊಬ್ಬರು ತಪ್ಪು ಎಂದರು. ಇಬ್ಬರೂ ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು. ಯಾರನ್ನು ನಂಬಲಿ?

ಇಬ್ಬರನ್ನೂ ನಂಬಿ, ಯಾರು ಎಲ್ಲಿಯವರೆಂದು ಕೇಳಿ. 'ಡಿಫರೆಂಟ್ ಫ್ರಮ್' ಎಲ್ಲೆಡೆ ನಡೆಯುತ್ತದೆ. 'ಡಿಫರೆಂಟ್ ಟು' ಬ್ರಿಟನ್ನಿನದು, 'ಡಿಫರೆಂಟ್ ದ್ಯಾನ್' ಅಮೆರಿಕದ್ದು. ಪರೀಕ್ಷೆಯನ್ನು ಬ್ರಿಟನ್ನಿನವರು 'ಸಿಟ್' ಮಾಡುತ್ತಾರೆ, ಅಮೆರಿಕದವರು 'ಟೇಕ್' ಮಾಡುತ್ತಾರೆ, ಕೆನಡಾ, ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ 'ರೈಟ್' ಮಾಡುತ್ತಾರೆ. 'ಪ್ರಿಪೋನ್' ಎಂಬ ಪದವನ್ನು ನಿಘಂಟುಗಳು ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಡನೆ ಸೇರಿಸಿಕೊಂಡಿವೆ. ಗುರುತಿನ ಅರ್ಥ ಬಹಿಷ್ಕಾರವಲ್ಲ. ಬೇರೆ ದೇಶದ ಓದುಗರಿಗೆ ತಿಳಿಯದಿರಬಹುದು ಎಂಬ ಸೂಚನೆ ಅಷ್ಟೇ. ಗ್ಲೋಬ್ ಎಂದು ಕರೆಯುವ ಕಾರ್ಪಸ್‌ನಲ್ಲಿ 20 ದೇಶಗಳ ಜಾಲತಾಣಗಳಿಂದ ತೆಗೆದ 190 ಕೋಟಿ ಪದಗಳಿವೆ. ಒಂದು ಜೋಡಿಯನ್ನು ಕೊಟ್ಟರೆ ಅದು ಯಾವ ದೇಶದಲ್ಲಿ ದಟ್ಟ, ಎಲ್ಲಿ ವಿರಳ ಎಂದು ಒಂದೇ ಸಾಲಿನಲ್ಲಿ ಕಾಣುತ್ತದೆ. ಈ ಜಗಳ ಬಗೆಹರಿಸಲು ನಾನು ಅಲ್ಲಿಗೇ ಹೋಗುತ್ತೇನೆ.

## ಇನ್ನಷ್ಟು ಒಳಗೆ

ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಜೋಡಿಯನ್ನು ಸಂಪಾದಕರು ತಪ್ಪೆಂದು ಹೊಡೆದುಹಾಕಿದರು. ನಾನು ಸೋಲಬೇಕೇ?

ಸೋಲಬೇಡಿ. ಹೊರಗಿನವರಿಗೆ 'ಗ್ರೀಡಿ ಅಲ್ಗಾರಿದಮ್' ಎಂದರೆ ದುರಾಸೆಯ ಅಲ್ಗಾರಿದಮ್, 'ಹಾಸ್ಟೈಲ್ ವಿಟ್ನೆಸ್' ಎಂದರೆ ಜಗಳಗಂಟ ಸಾಕ್ಷಿ. ಒಳಗಿನವರಿಗೆ ಎರಡೂ ಅಳೆದಿಟ್ಟ ಅರ್ಥದ ಪಾರಿಭಾಷಿಕಗಳು. ಒಮ್ಮೆ ಜೀವಶಾಸ್ತ್ರದ ಲೇಖನವೊಂದರಲ್ಲಿ 'ಸೈಲೆಂಟ್ ಮ್ಯುಟೇಷನ್' ಎಂದಿದ್ದುದನ್ನು ನಾನು 'ಅನ್‌ನೋಟಿಸ್ಡ್' ಎಂದು ತಿದ್ದಿದೆ. ಡಿಎನ್‌ಎ ಬದಲಾದರೂ ಅದು ರೂಪಿಸುವ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿ ಬದಲಾಗದ ಸ್ಥಿತಿಗೆ ಇರುವ ಹೆಸರೇ ಅದು ಎಂದು ಲೇಖಕಿ ತಾಳ್ಮೆಯಿಂದ ವಿವರಿಸಿದರು. ಯಾರೂ ಗಮನಿಸದ ಬದಲಾವಣೆ ಎಂಬ ನನ್ನ ತಿದ್ದುಪಡಿ ವಿಜ್ಞಾನವನ್ನೇ ತಪ್ಪಾಗಿಸಿತ್ತು. ಅಂದಿನಿಂದ ಪರಿಚಯವಿಲ್ಲದ ಕ್ಷೇತ್ರದ ವಿಚಿತ್ರ ಜೋಡಿ ಕಂಡರೆ ಮೊದಲು ಗೂಗಲ್ ಸ್ಕಾಲರ್‌ನಲ್ಲಿ ಹುಡುಕುತ್ತೇನೆ, ಆಮೇಲೆ ಪೆನ್ನು ಎತ್ತುತ್ತೇನೆ. ನೀವು ಸಂಪಾದಕರಿಗೆ ಅಂಥ ಮೂರು ಲೇಖನಗಳ ವಾಕ್ಯಗಳನ್ನು ತೋರಿಸಿ, ಸಾಕು.

'ಕಾಝ್ ಹ್ಯಾಪಿನೆಸ್' ಎಂದು ಬರೆದೆ. ಸಂತೋಷ ಉಂಟುಮಾಡು ಎಂದು ತಾನೇ ಅರ್ಥ?

ಅರ್ಥ ಅದೇ, ಆದರೆ 'ಕಾಝ್' ಎಂಬ ಕ್ರಿಯಾಪದಕ್ಕೆ ಕೆಟ್ಟ ಸಹವಾಸದ ನೆರಳು ಹತ್ತಿದೆ. ಅದರ ಮುಂದೆ ಬರುವುದು ಹೆಚ್ಚಾಗಿ 'ಡ್ಯಾಮೇಜ್', 'ಡಿಲೇ', 'ಪ್ರಾಬ್ಲಮ್ಸ್', 'ಪೇನ್'. ಹೀಗಾಗಿ ಓದುಗರ ಮನಸ್ಸು ಆ ಪದ ಕಂಡೊಡನೆ ಏನೋ ಅನಾಹುತಕ್ಕೆ ಸಜ್ಜಾಗುತ್ತದೆ, ಸಂತೋಷ ಬಂದಾಗ ತಬ್ಬಿಬ್ಬಾಗುತ್ತದೆ. 'ಬ್ರಿಂಗ್ ಹ್ಯಾಪಿನೆಸ್' ಎನ್ನಿ. 'ಸೆಟ್ ಇನ್' ಎಂಬುದೂ ಹೀಗೆಯೇ. ಸೋಂಕು, ಹತಾಶೆ, ಕೊಳೆತ ಇಂಥವೇ 'ಸೆಟ್ ಇನ್' ಆಗುವುದು. ಇದನ್ನು ಗುರುತಿಸಿದವರು ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅವರ ನೇತೃತ್ವದಲ್ಲಿ ಕಾರ್ಪಸ್ ಆಧಾರದ ಮೇಲೆ ಕಟ್ಟಿದ ಕೋಬಿಲ್ಡ್ ನಿಘಂಟು 1987ರಲ್ಲಿ ಹೊರಬಂತು.

ಯಾವ ನಿಘಂಟಿನ ಅರ್ಥವಿವರಣೆಯಲ್ಲೂ ಈ ನೆರಳು ಪೂರ್ತಿಯಾಗಿ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ವಾಕ್ಯಗಳನ್ನು ಕಾರ್ಪಸ್‌ನಲ್ಲಿ ಒಂದರ ಕೆಳಗೊಂದು ಇಟ್ಟು ಓದಿದಾಗ ಮಾತ್ರ ಕಾಣುತ್ತದೆ. ಅಕ್ಕಪಕ್ಕದ ಪದ ದಾಟಿ ಇಡೀ ವಾಕ್ಯದ ಮನಸ್ಥಿತಿಯನ್ನು ನೋಡಬೇಕು. ನೆರಳಿಗೆ ವಿರುದ್ಧವಾಗಿ ಪದ ಬಂದಾಗ ಓದುಗರಿಗೆ ವ್ಯಂಗ್ಯದ ವಾಸನೆ ಬರುತ್ತದೆ. ಹೊಗಳಿಕೆಯ ಪತ್ರವೊಂದು ಹೀಗೆ ಚುಚ್ಚುವ ಪತ್ರವಾಗಿ ಓದಿಸಿಕೊಂಡರೆ ಬರೆದವರಿಗೆ ಎಷ್ಟು ನೋವು!

ಕವಿಗಳು ಬರೆದರೆ ಹೊಸತನ, ನಾನು ಬರೆದರೆ ತಪ್ಪು. ಇದು ನ್ಯಾಯವೇ?

ನ್ಯಾಯವಲ್ಲ, ಮತ್ತು ಹಾಗಾಗಬೇಕಾಗಿಯೂ ಇಲ್ಲ. ರೂಢಿಯನ್ನು ಮುರಿಯುವುದಕ್ಕೂ ಇಂಗ್ಲಿಷಿನಲ್ಲಿ ರೂಢಿಯ ದಾರಿಗಳಿವೆ. 'ಸ್ಲೀಪ್‌ಲೆಸ್ ನೈಟ್' ನೋಡಿ: ನಿದ್ದೆಯಿಲ್ಲದಿರುವುದು ರಾತ್ರಿಗಲ್ಲ, ಮನುಷ್ಯನಿಗೆ. ಗುಣವನ್ನು ಪಕ್ಕದ ನಾಮಪದಕ್ಕೆ ದಾಟಿಸುವ ಈ ದಾರಿಯಲ್ಲಿ ನಿಮಗೂ ನಡೆಯಲು ಹಕ್ಕಿದೆ. 'ಡೆಫನಿಂಗ್ ಸೈಲೆನ್ಸ್' ಪರಸ್ಪರ ಹೊಡೆದಾಡುವ ಪದಗಳನ್ನು ಕೂಡಿಸಿದ್ದು. ಈಗ ಸವೆದಿದೆ, ಒಂದು ಕಾಲಕ್ಕೆ ಹೊಸದಾಗಿತ್ತು. 'ಅಗೋ' ಎಂಬ ಪದಕ್ಕೆ ಮೊದಲು ಕಾಲದ ಅಳತೆ ಬರಬೇಕು. ಪ್ಲಾಟ್‌ಫಾರಂನಲ್ಲಿ ಕಾದು ಕುಳಿತವಳ ಬಗ್ಗೆ 'ಟೂ ಟ್ರೇನ್ಸ್ ಅಗೋ' ಎಂದು ಬರೆದರೆ ರೈಲುಗಳೇ ಗಡಿಯಾರದ ಮುಳ್ಳುಗಳಾಗುತ್ತವೆ. ಇದನ್ನು ಯಾವ ಕಾರ್ಪಸ್‌ನಲ್ಲೂ ಹುಡುಕಬೇಕಾಗಿಲ್ಲ.

ತಪ್ಪಿಗೂ ಹೊಸತನಕ್ಕೂ ನಾನು ಕಾಣುವ ವ್ಯತ್ಯಾಸ ಹೀಗಿದೆ. ನಿಮ್ಮ ಜೋಡಿಯ ಜಾಗದಲ್ಲಿ ರೂಢಿಯ ಜೋಡಿಯನ್ನು ಇಟ್ಟು ಓದಿ. ಏನೂ ಕಳೆದುಹೋಗಲಿಲ್ಲವೆಂದರೆ ನಿಮ್ಮದು ಎಡವಟ್ಟು; 'ಸ್ಟ್ರಾಂಗ್ ರೇನ್' ತೆಗೆದು 'ಹೆವಿ ರೇನ್' ಇಟ್ಟರೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. 'ಟೂ ಟ್ರೇನ್ಸ್ ಅಗೋ' ತೆಗೆದು 'ಆನ್ ಅವರ್ ಅಗೋ' ಇಟ್ಟರೆ ಆ ಹೆಂಗಸು ಕಾಯುತ್ತಿರುವುದೇ ಅಳಿಸಿಹೋಗುತ್ತದೆ. ಹಾಗೆ ಕಳೆದುಹೋಗುವುದಿದ್ದರೆ ಇಟ್ಟುಕೊಳ್ಳಿ, ಸಂಪಾದಕರೊಡನೆ ಹೋರಾಡಿ. ಸುತ್ತಲಿನ ವಾಕ್ಯ ಮಾತ್ರ ಸಾದಾ ಆಗಿರಲಿ. ಒಂದೇ ಸಾಲಿನಲ್ಲಿ ಮೂರು ವಿಚಿತ್ರಗಳಿದ್ದರೆ ಓದುಗರು ಮೂರನ್ನೂ ತಪ್ಪೆಂದೇ ಓದುತ್ತಾರೆ.

ವ್ಯಾಕರಣ ತಿದ್ದುವ ತಂತ್ರಾಂಶ ಮತ್ತು ಎಐ ಚಾಟ್‌ಬಾಟ್ ಇರುವಾಗ ಇಷ್ಟೆಲ್ಲ ಶ್ರಮ ಏಕೆ?

ಅವುಗಳನ್ನು ಬಳಸಿ, ಕೊನೆಯ ಮಾತನ್ನು ಅವಕ್ಕೆ ಬಿಡಬೇಡಿ. ತಿದ್ದುವ ತಂತ್ರಾಂಶಗಳು ಹೆಚ್ಚು ಬಳಕೆಯಲ್ಲಿರುವುದರ ಕಡೆಗೇ ವಾಲುತ್ತವೆ. ಪಾರಿಭಾಷಿಕ ಜೋಡಿಗೆ ಗೆರೆ ಎಳೆದು, ನಿಜವಾಗಿ ಎಡವಿದ ಜೋಡಿಯನ್ನು ಸುಮ್ಮನೆ ದಾಟಿಸುವುದುಂಟು. ಚಾಟ್‌ಬಾಟ್‌ಗಳ ದೋಷ ಬೇರೆ: ನೀವು ಹೇಗೆ ಕೇಳುತ್ತೀರೋ ಹಾಗೆ ಒಪ್ಪಿಕೊಳ್ಳುವ ಸ್ವಭಾವ. 'ಇದು ಸರಿಯಲ್ಲವೇ?' ಎಂದರೆ ಸರಿ ಎನ್ನಬಹುದು, 'ಇದು ತಪ್ಪಲ್ಲವೇ?' ಎಂದರೆ ತಪ್ಪು ಎನ್ನಬಹುದು. ಆದ್ದರಿಂದ ನಿಮ್ಮ ಪದವನ್ನು ಬಚ್ಚಿಡಿ. ವಾಕ್ಯದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಬರಬಹುದಾದ ಐದು ಪದಗಳನ್ನು ಕೇಳಿ. ಉದಾಹರಣೆ ವಾಕ್ಯಗಳನ್ನು ಕೊಟ್ಟರೆ ಒಂದೆರಡನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ ನೋಡಿ. ಎಲ್ಲಿಯೂ ಇಲ್ಲದ ವಾಕ್ಯವನ್ನು ಪತ್ರಿಕೆಯದ್ದೆಂದು ಹೇಳಿರಬಹುದು.

ಎಲ್ಲವನ್ನೂ ನೋಡಿದೆ, ಇನ್ನೂ ತೀರ್ಮಾನವಾಗಿಲ್ಲ. ಈಗ?

ಇಂಗ್ಲಿಷನ್ನು ನಿತ್ಯ ಓದುವ ಒಬ್ಬರಿಗೆ ಆ ಇಡೀ ಪ್ಯಾರಾ ಕೊಡಿ. ಅನುಮಾನದ ಜಾಗವನ್ನು ತೋರಿಸಬೇಡಿ. ತೋರಿಸಿದರೆ ಯಾವ ಜೋಡಿಯೂ ವಿಚಿತ್ರವಾಗಿ ಕಾಣತೊಡಗುತ್ತದೆ. ಓದಿ ಮುಗಿಸಿದ ಮೇಲೆ ಎಲ್ಲಾದರೂ ತಡೆಯಿತೇ ಎಂದು ಕೇಳಿ. ನೀವು ಅನುಮಾನಿಸಿದ ಜಾಗವನ್ನೇ ಅವರೂ ತೋರಿಸಿದರೆ ವಾಕ್ಯವನ್ನು ಬೇರೆ ರೀತಿಯಲ್ಲಿ ಕಟ್ಟಿ: ನಾಮಪದವನ್ನು ಕ್ರಿಯಾಪದವಾಗಿಸಿ, ಒಂದು ವಾಕ್ಯವನ್ನು ಎರಡಾಗಿಸಿ. ಸಮಸ್ಯೆಯ ಜೋಡಿಯೇ ಮಾಯವಾಗುತ್ತದೆ. ಅವರು ಬೇರೆ ಯಾವುದೋ ಜಾಗವನ್ನು ತೋರಿಸಿದರೆ, ನಿಮ್ಮ ಜೋಡಿಯನ್ನು ಹಾಗೆಯೇ ಬಿಟ್ಟು ಆ ಜಾಗವನ್ನು ತಿದ್ದಲು ಕುಳಿತುಕೊಳ್ಳಿ.